ಮೇಳನಾಯಕ ರಾಬರ್ಟ್ ಕಯಾನುಸ್

ಫಿನ್ಲೆಂಡಿನ ಸಂಗೀತವೆಂದೊಡನೆ ತಿಳಿದವರ ನಾಲಗೆಗೆ ಬರುವ ಹೆಸರು ಝಾನ್ ಸಿಬೇಲಿಯುಸನದು. ಅದು ನ್ಯಾಯವೇ ಸರಿ. ಆ ಹೆಸರಿನ ಹಿಂದೆ, ಅಡಿಟಿಪ್ಪಣಿಯಲ್ಲೋ ಆವರಣ ಚಿಹ್ನೆಯೊಳಗೋ ಇನ್ನೊಂದು ಹೆಸರು ಕಾಣಿಸಿಕೊಳ್ಳುವುದುಂಟು. ಅದು ರಾಬರ್ಟ್ ಕಯಾನುಸನದು. ಸಿಬೇಲಿಯುಸನ ಕೃತಿಗಳನ್ನು ನುಡಿಸಿದವನು ಎಂಬ ಒಂದು ಮಾತಿನಲ್ಲಿ ಅವನನ್ನು ಮುಗಿಸುವುದು ಸಂಗೀತಚರಿತ್ರೆ ಬರೆಯುವವರ ರೂಢಿ. ಈ ರೂಢಿ ಸರಿಯೆ? ಕೃತಿಯನ್ನು ರಚಿಸಿದವನಿಗೆ ಒಂದು ಅಧ್ಯಾಯ, ಕೃತಿಯನ್ನು ಲೋಕದ ಕಿವಿಗೆ ಮುಟ್ಟಿಸಿದವನಿಗೆ ಒಂದು ವಾಕ್ಯ ಎಂಬ ಈ ಹಂಚಿಕೆಯನ್ನು ಕಯಾನುಸನ ಜೀವನದ ಎದುರಿಗಿಟ್ಟು ಪರೀಕ್ಷಿಸಬೇಕೆಂದು ನನ್ನ ಆಸೆ. ಅವನನ್ನು ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ. ಹೊಗಳುವವರು ಮುಚ್ಚಿಡುವ ಒಂದು ಪ್ರಸಂಗವೂ ಅವನ ಚರಿತ್ರೆಯಲ್ಲಿದೆ, ಅದನ್ನೂ ಹೇಳಲೇಬೇಕು.

ಮೊದಲು ಈ ಕಸುಬಿನ ವಿಷಯ ಎರಡು ಮಾತು. ಕಂಡಕ್ಟರ್ ಎಂದರೆ ನಮ್ಮ ಹುಡುಗರಿಗೆ ನೆನಪಾಗುವವನು ಬಸ್ಸಿನಲ್ಲಿ ಟಿಕೇಟು ಹರಿದುಕೊಡುವವನು. ಪಾಶ್ಚಾತ್ಯ ವಾದ್ಯವೃಂದದ ಕಂಡಕ್ಟರನೇ ಬೇರೆ. ಅವನನ್ನು ಇಲ್ಲಿ ಮೇಳನಾಯಕನೆಂದು ಕರೆಯುತ್ತೇನೆ. ಐವತ್ತು ಅರುವತ್ತು ಮಂದಿ ವಾದಕರು ವೇದಿಕೆಯ ಮೇಲೆ ಕುಳಿತಿರುತ್ತಾರೆ. ಒಬ್ಬೊಬ್ಬನ ಮುಂದೆಯೂ ಅವನವನ ಪಾಲಿನ ಸ್ವರಲಿಪಿ ಮಾತ್ರವಿರುತ್ತದೆ. ನೆರೆಯವನ ಪಾಲು ಅವನಿಗೆ ಕಾಣದು. ಎಲ್ಲರ ಪಾಲನ್ನೂ ಒಂದೇ ಪುಟದ ಮೇಲೆ ಕಾಣುವವನು ಅವರೆದುರಿಗೆ ನಿಂತಿರುವ ನಾಯಕನೊಬ್ಬನೇ. ಯಕ್ಷಗಾನವನ್ನು ನೋಡಿ ಬೆಳೆದ ನಮ್ಮ ಕಡೆಯವರಿಗೆ ಭಾಗವತರನ್ನು ನೆನೆದರೆ ಇದು ಅರ್ಧ ತಿಳಿದಂತೆಯೇ. ಭಾಗವತರು ಪದ ಎತ್ತಿದರೆಂದರೆ ಚೆಂಡೆ, ಮದ್ದಳೆ, ವೇಷ ಎಲ್ಲವೂ ಅವರ ಹಿಡಿತಕ್ಕೆ ಬರುತ್ತವೆ. ಪ್ರಸಂಗವನ್ನು ಓಡಿಸುವವರೂ ತಡೆದು ನಿಲ್ಲಿಸುವವರೂ ಅವರೇ. ಆದರೆ ಭಾಗವತರಿಗೆ ಕಂಠವಿದೆ. ಮೇಳನಾಯಕನಿಗಿರುವುದು ಒಂದು ತೆಳ್ಳನೆಯ ಕೋಲು. ಇಡೀ ಸಭೆಯಲ್ಲಿ ಒಂದು ಸ್ವರವನ್ನೂ ಹೊರಡಿಸದೆ ಇರುವ ಸಂಗೀತಗಾರನೆಂದರೆ ಅವನೊಬ್ಬನೇ. ಕಚೇರಿ ಮುಗಿದ ಮೇಲೆ ಅವನದೆಂದು ಎತ್ತಿಡಲು ಏನೂ ಉಳಿಯುವುದಿಲ್ಲ. ಹೀಗಿರುವಾಗ ಅವನ ಕಲೆಯನ್ನು ಅಳೆಯುವ ಬಗೆ ಯಾವುದು?

ಕಯಾನುಸ್ ಹುಟ್ಟಿದ್ದು 1856ರ ದಶಂಬರ 2ರಂದು, ಹೆಲ್ಸಿಂಕಿಯಲ್ಲಿ. ಆಗ ಫಿನ್ಲೆಂಡು ಸ್ವತಂತ್ರ ದೇಶವಾಗಿರಲಿಲ್ಲ. ಬಹುಕಾಲ ಸ್ವೀಡನ್ನಿಗೆ ಸೇರಿದ್ದ ಆ ನಾಡು 1809ರಲ್ಲಿ ರಷ್ಯದ ಚಕ್ರವರ್ತಿಯ ವಶಕ್ಕೆ ಹೋಗಿ, ಒಂದು ಮಹಾಸಂಸ್ಥಾನವಾಗಿ ತನ್ನ ಕೆಲವು ಕಾನೂನುಗಳನ್ನು ಉಳಿಸಿಕೊಂಡಿತ್ತು. ಆಳುವ ದೊರೆ ರಷ್ಯದವನು. ವಿದ್ಯಾವಂತರ ಮನೆಮಾತು ಸ್ವೀಡಿಷ್. ಹಳ್ಳಿಹಳ್ಳಿಗಳಲ್ಲಿ ಬಹುಜನರ ಬಾಯಲ್ಲಿದ್ದುದು ಫಿನ್ನಿಷ್. ಒಂದು ಮನೆಯಲ್ಲಿ ಒಂದು ನುಡಿ, ಕಚೇರಿಯಲ್ಲಿ ಇನ್ನೊಂದು, ಮೇಲಿನ ಅಧಿಕಾರದಲ್ಲಿ ಮತ್ತೊಂದು ಎಂಬ ಸ್ಥಿತಿಯನ್ನು ಗಡಿಯಲ್ಲಿ ಬಾಳುವ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಕಯಾನುಸನೂ ಸಿಬೇಲಿಯುಸನೂ ಸ್ವೀಡಿಷ್ ಮಾತಾಡುವ ಮನೆಗಳಲ್ಲಿ ಹುಟ್ಟಿದವರೇ. ಫಿನ್ನಿಷ್ ಜನರ ಪುರಾಣಕಾವ್ಯವಾದ ‘ಕಲೆವಲ’ವನ್ನು ಸಂಗೀತಕ್ಕೆ ತಂದವರು ಇಂಥವರು ಎಂಬುದು ಗಮನಿಸತಕ್ಕ ವಿಷಯ.

ಕಯಾನುಸ್ ಯೌವನದಲ್ಲಿ ಲೈಪ್‌ಜಿಗ್ಗಿಗೆ ಹೋಗಿ ರೈನೆಕೆಯೇ ಮೊದಲಾದವರಲ್ಲಿ ಕಲಿತನು. ಪ್ಯಾರಿಸ್ಸಿನಲ್ಲಿ ನಾರ್ವೆಯ ಸ್ವೆಂಡ್‌ಸೆನ್ನನ ಬಳಿ ಸ್ವಲ್ಪ ಕಾಲ ಇದ್ದನು. ಡ್ರೆಸ್ಡೆನ್ನಿನಲ್ಲಿಯೂ ಕೆಲವು ಕಾಲ ಕಳೆದನು. ಜರ್ಮನಿಯಲ್ಲೇ ನಿಂತುಬಿಟ್ಟಿದ್ದರೆ ಯಾವುದಾದರೊಂದು ಊರಿನ ನಾಟಕಶಾಲೆಯಲ್ಲಿ ಅವನಿಗೆ ಕೆಲಸ ಸಿಕ್ಕದೆ ಇರುತ್ತಿರಲಿಲ್ಲ. ಅವನು 1882ರಲ್ಲಿ ಊರಿಗೆ ಮರಳಿ, ಇಪ್ಪತ್ತೈದರ ಹರೆಯದಲ್ಲಿ ಹೆಲ್ಸಿಂಕಿಯ ವಾದ್ಯವೃಂದವನ್ನು ಸ್ಥಾಪಿಸಿದನು. ಇಂದಿನ ಹೆಲ್ಸಿಂಕಿ ಫಿಲ್‌ಹಾರ್ಮೊನಿಕ್ ಮೇಳ ತನ್ನ ವಯಸ್ಸನ್ನು ಎಣಿಸುವುದು ಆ ವರ್ಷದಿಂದಲೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. 1882ರಲ್ಲಿ ಸಿಬೇಲಿಯುಸನಿಗೆ ವಯಸ್ಸು ಹದಿನಾರು. ಹಮೇನ್‌ಲಿನ್ನ ಎಂಬ ಊರಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ. ಅಂದರೆ ಕಯಾನುಸ್ ಮೇಳವನ್ನು ಕಟ್ಟಿದಾಗ, ಆ ಮೇಳಕ್ಕೆ ಬೇಕಾದ ಫಿನ್ನಿಷ್ ಸಿಂಫನಿ ಇರಲಿಲ್ಲ. ಮುಂದೆ ಬರುವುದೆಂಬ ಭರವಸೆಯೂ ಇರಲಿಲ್ಲ. ವಾದಕರಾದರೂ ಇದ್ದರೆಂದರೆ ಅದೂ ಇಲ್ಲ. ಮೊದಮೊದಲು ಅವನ ಮೇಳದಲ್ಲಿ ಬಹುಮಂದಿ ಜರ್ಮನಿಯಿಂದ ಕರೆಸಿದವರು. ಹೊರಗಿನವರನ್ನು ಕರೆತಂದು ನಡೆಸುವ ಮೇಳ ಎಷ್ಟು ದಿನ ಬಾಳೀತು ಎಂಬುದನ್ನು ಅವನು ಬೇಗನೆ ಕಂಡುಕೊಂಡನು. 1885ರಲ್ಲಿ ಮೇಳದ ಜೊತೆಗೇ ಒಂದು ವಾದ್ಯಶಾಲೆಯನ್ನು ತೆರೆದು ಊರ ಹುಡುಗರಿಗೆ ಪಿಟೀಲು, ಕೊಂಬು, ಕೊಳಲು ಮುಂತಾದವನ್ನು ಕಲಿಸುವ ಏರ್ಪಾಡು ಮಾಡಿದನು. 1888ರ ಹೊತ್ತಿಗೆ ಒಂದು ಗಾಯನವೃಂದವೂ ಸೇರಿತು. ಆ ವರ್ಷ ಬೇತೋವನ್ನನ ಒಂಬತ್ತನೆಯ ಸಿಂಫನಿಯನ್ನು ಫಿನ್ಲೆಂಡಿನ ಜನ ಮೊದಲ ಬಾರಿಗೆ ಕೇಳಿದರು. ಗಂಭೀರ ಕಚೇರಿಗಳ ಜೊತೆಗೆ, ಜನ ಮೇಜುಗಳ ಸುತ್ತ ಕುಳಿತು ತಿಂಡಿ ಪಾನೀಯಗಳ ನಡುವೆ ಕೇಳುವ ಹಗುರವಾದ ಕಚೇರಿಗಳನ್ನೂ ಅವನು ನಡೆಸಿದನು. ಕೇಳುವ ಕಿವಿಯನ್ನು ಕೂಡ ಅವನೇ ತಯಾರುಮಾಡಿಕೊಳ್ಳಬೇಕಾಗಿತ್ತು.

ಅದೇ 1882ರಲ್ಲಿ ಮಾರ್ಟಿನ್ ವೇಗೇಲಿಯುಸ್ ಎಂಬವನು ಹೆಲ್ಸಿಂಕಿಯಲ್ಲಿ ಒಂದು ಸಂಗೀತ ವಿದ್ಯಾಲಯವನ್ನೂ ತೆರೆದನು. ಮುಂದೆ ಸಿಬೇಲಿಯುಸ್ ಅಕಾಡೆಮಿ ಎಂದು ಹೆಸರಾದುದು ಅದೇ. ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡು ಸಂಸ್ಥೆಗಳು ಕೈಹಿಡಿದು ನಡೆಯಬೇಕಾಗಿತ್ತು, ನಡೆಯಲಿಲ್ಲ. ಎರಡೂ ಕಡೆಯ ಹಿರಿಯರಿಗೆ ಪರಸ್ಪರ ಸರಿಬೀಳಲಿಲ್ಲ. ಸಿಬೇಲಿಯುಸ್ ಕಲಿತದ್ದು ವೇಗೇಲಿಯುಸನ ಬಳಿ.

ಇನ್ನು ಕಯಾನುಸನ ಸ್ವಂತ ರಚನೆಗಳ ವಿಚಾರ. ಅವನು ಎರಡು ಫಿನ್ನಿಷ್ ರ‍್ಯಾಪ್ಸೊಡಿಗಳನ್ನೂ ಕುಲ್ಲೆರ್ವೊ ಎಂಬ ಕಲೆವಲದ ವೀರನ ಶವಯಾತ್ರೆಯ ಸಂಗೀತವನ್ನೂ ರಚಿಸಿದ್ದನು. 1885 ಕಲೆವಲದ ಮೊದಲ ಮುದ್ರಣಕ್ಕೆ ಐವತ್ತು ವರ್ಷ ತುಂಬಿದ ವರ್ಷ. ಆ ಸಂದರ್ಭಕ್ಕಾಗಿ ಅವನು ‘ಐನೊ’ ಎಂಬ ಸಿಂಫನಿಕ್ ಕೃತಿಯನ್ನು ಬರೆದನು. ಮುದುಕನಾದ ವೈನಮೊಯಿನೆನ್ನನನ್ನು ಮದುವೆಯಾಗಲು ಒಲ್ಲದೆ ನೀರಿನಲ್ಲಿ ಮುಳುಗಿಹೋದ ಹುಡುಗಿ ಐನೊ; ಕೃತಿಯ ಕೊನೆಯಲ್ಲಿ ಗಂಡುದನಿಗಳ ಗಾಯನವೃಂದ ಬಂದು ಸೇರುತ್ತದೆ. ಇಂದು ಕೇಳಿದರೆ ಇದರ ಬಟ್ಟೆಯೆಲ್ಲ ವಾಗ್ನರನ ಅಂಗಡಿಯದು ಎಂಬುದು ಮರೆಯಾಗುವುದಿಲ್ಲ. ಮೇಳವನ್ನು ಬಲ್ಲವನ ಕೈ ಅಲ್ಲಿದೆ. ಯಾವ ವಾದ್ಯ ಎಲ್ಲಿ ಮೊಳಗಬೇಕು, ಎಲ್ಲಿ ಮೆಲ್ಲನೆ ಸರಿಯಬೇಕು ಎಂಬ ಲೆಕ್ಕ ತಪ್ಪಿಲ್ಲ. ಇಲ್ಲದಿರುವುದು, ಇದನ್ನು ಇವನಲ್ಲದೆ ಬೇರೆ ಯಾರೂ ಹೇಳಲಾರರು ಎನ್ನಿಸುವ ಸ್ವರ. ಹೀಗಿದ್ದರೂ ಈ ಕೃತಿಯಿಂದ ಒಂದು ಉಪಕಾರವಾಯಿತು. 1890ರಲ್ಲಿ ಕಯಾನುಸ್ ಬರ್ಲಿನ್ನಿನಲ್ಲಿ ಇದನ್ನು ನುಡಿಸಿದಾಗ, ಅಲ್ಲಿ ವಿದ್ಯಾರ್ಥಿಯಾಗಿದ್ದ ಸಿಬೇಲಿಯುಸ್ ಸಭೆಯಲ್ಲಿದ್ದನು. ಕಲೆವಲದಿಂದ ದೊಡ್ಡ ಸಂಗೀತ ಬರಬಹುದೆಂಬ ಯೋಚನೆ ಅವನಿಗೆ ಅಲ್ಲಿಂದ ಬಲವಾಯಿತೆಂದು ಬರೆದವರುಂಟು. ಎರಡು ವರ್ಷ ಕಳೆದು, 1892ರ ಎಪ್ರಿಲ್ 28ರಂದು, ಕಯಾನುಸನ ಮೇಳದ ಎದುರಿಗೆ ನಿಂತು ಸಿಬೇಲಿಯುಸ್ ತನ್ನ ‘ಕುಲ್ಲೆರ್ವೊ’ವನ್ನು ನುಡಿಸಿದನು. ಹನ್ನೆರಡು ವರ್ಷ ಮೊದಲು ಕಯಾನುಸ್ ಕೈಹಾಕಿದ್ದ ವಸ್ತುವೇ ಅದು.

ಆ ರಾತ್ರಿ ಕಯಾನುಸ್ ತನ್ನ ಲೇಖನಿಯನ್ನು ಕೆಳಗಿಟ್ಟನು, ಮತ್ತೆ ಎತ್ತಲಿಲ್ಲ ಎಂಬ ಕಥೆ ಪ್ರಚಾರದಲ್ಲಿದೆ. ಕಥೆ ಸುಂದರವಾಗಿದೆ, ಪೂರ್ತಿ ನಿಜವಲ್ಲ. 1915ರಲ್ಲಿ ಅವನು ಒಂದು ಸಿನ್‌ಫೊನಿಯೆಟ್ಟವನ್ನು ರಚಿಸಿದ್ದಾನೆ. ಆ ಬಳಿಕವೂ ಬರೆದದ್ದುಂಟು. ಆದರೆ ತನ್ನ ಪ್ರಧಾನ ಕೆಲಸ ರಚನೆಯಲ್ಲವೆಂದು ಅವನು ನಿಶ್ಚಯಿಸಿದ್ದು ಆ ಕಾಲದಲ್ಲೇ ಎಂಬುದನ್ನು ಒಪ್ಪಬಹುದು. ಇದನ್ನು ತ್ಯಾಗವೆಂದು ವರ್ಣಿಸುವವರ ಜೊತೆ ನಾನು ಸೇರಲಾರೆ. ತ್ಯಾಗವೆಂದರೆ ಬೆಲೆಯುಳ್ಳದ್ದನ್ನು ಬಿಡುವುದು. ಕಯಾನುಸ್ ಮಾಡಿದ್ದು ವಿಮರ್ಶೆ. ಬೇರೆಯವರ ಕೃತಿಯನ್ನು ಕೇಳಿ ತನ್ನ ಕೃತಿಯ ಬೆಲೆಯನ್ನು ತಾನೇ ಕಟ್ಟಿದನು. ಮೂವತ್ತೈದರ ವಯಸ್ಸಿನಲ್ಲಿ, ಹೆಸರೂ ಮೇಳವೂ ತನ್ನ ಕೈಯಲ್ಲಿರುವಾಗ, ಒಂಬತ್ತು ವರ್ಷ ಕಿರಿಯನೊಬ್ಬನ ಮುಂದೆ ಇಂಥ ತೀರ್ಪನ್ನು ತನಗೆ ತಾನೇ ಕೊಟ್ಟುಕೊಳ್ಳುವುದು ಸುಲಭವಲ್ಲ. ನಮ್ಮಲ್ಲಿ ಪದ್ಯ ಬರೆಯುವ ಸಂಪಾದಕರು ಎಷ್ಟು ಮಂದಿಗೆ ಇದು ಸಾಧ್ಯವಾದೀತೋ ನಾನು ಹೇಳಲಾರೆ.

ಬಿಟ್ಟು ಸುಮ್ಮನೆ ಕುಳಿತನೆಂದೂ ಅಲ್ಲ. ಕುಲ್ಲೆರ್ವೊ ಬಹಳ ದೀರ್ಘವಾದದ್ದು. ಗಾಯಕರೂ ಗಾಯನವೃಂದವೂ ಬೇಕಾದದ್ದು. ಮೇಳ ಮತ್ತೆ ಮತ್ತೆ ನುಡಿಸುವುದಕ್ಕೆ ಅನುಕೂಲವಾದ ಒಂದು ಚಿಕ್ಕ ಕೃತಿಯನ್ನು ಬರೆದುಕೊಡೆಂದು ಅವನು ಸಿಬೇಲಿಯುಸನನ್ನು ಕೇಳಿದನು. ಬಂದದ್ದು ‘ಎನ್ ಸಾಗ’. 1893ರ ಫೆಬ್ರವರಿಯಲ್ಲಿ ಅದರ ಮೊದಲ ಪ್ರಯೋಗವಾಯಿತು. ಚಿಕ್ಕದು ಬೇಕೆಂದು ಕೇಳಿದವನಿಗೆ ಸಿಕ್ಕಿದ್ದು ಅಷ್ಟೇನೂ ಚಿಕ್ಕದಲ್ಲ. ಒಳ್ಳೆಯ ಬೇಡಿಕೆಯೂ ಒಂದು ಬಗೆಯ ಸಹೃದಯತೆಯೇ ಎನ್ನಲು ಇದೊಂದು ಉದಾಹರಣೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಸಿಬೇಲಿಯುಸನ ಮೊದಲ ಆರು ಸಿಂಫನಿಗಳೂ 1899ರಿಂದ 1923ರವರೆಗೆ ಮೊತ್ತಮೊದಲು ಕೇಳಿಬಂದದ್ದು ಹೆಲ್ಸಿಂಕಿಯಲ್ಲಿ. ಆದರೆ ಆ ಆರು ಸಲವೂ ಕೋಲು ಹಿಡಿದವನು ಸಿಬೇಲಿಯುಸನೇ. ಏಳನೆಯದು 1924ರಲ್ಲಿ ಸ್ಟಾಕ್‌ಹೋಮಿನಲ್ಲಿ, ಅದೂ ಅವನ ಕೈಯಲ್ಲೇ. ಹಾಗಾದರೆ ಕಯಾನುಸನ ಪಾಲೇನು? ಉತ್ತರ ಕಷ್ಟವಲ್ಲ. ಮೊದಲ ಪ್ರಯೋಗ ಹಬ್ಬದೂಟ. ಪತ್ರಿಕೆಯವರು ಬರುತ್ತಾರೆ, ಹಾರಗಳು ಬರುತ್ತವೆ. ಕೃತಿ ಯಾರಿಗೂ ಸರಿಯಾಗಿ ತಿಳಿಯದಿದ್ದರೂ ಕೈಚಪ್ಪಾಳೆಗೆ ಕೊರತೆಯಿಲ್ಲ. ಕೃತಿ ಬದುಕುವುದು ಎರಡನೆಯ, ಮೂರನೆಯ, ಹತ್ತನೆಯ ಪ್ರಯೋಗದಲ್ಲಿ; ಮಳೆ ಬೀಳುವ ಸಂಜೆ ಅರ್ಧ ತುಂಬಿದ ಸಭೆಯ ಮುಂದೆ ಅದನ್ನು ಪುನಃ ಎತ್ತಿಕೊಳ್ಳುವವನೊಬ್ಬನು ಬೇಕು. ಹೆಲ್ಸಿಂಕಿಯಲ್ಲಿ ಆ ಕೆಲಸವನ್ನು ಮಾಡಿದವನು ಕಯಾನುಸ್. ಸಿಬೇಲಿಯುಸ್ ಕೋಲು ಹಿಡಿದು ನಿಂತ ಆ ರಾತ್ರಿಗಳಲ್ಲಿಯೂ ಅವನ ಮುಂದೆ ಕುಳಿತಿದ್ದವರು ಕಯಾನುಸ್ ತಿದ್ದಿ ತೀಡಿದ ವಾದಕರೇ ಆಗಿದ್ದರು.

ಇವರಿಬ್ಬರ ಸ್ನೇಹಕ್ಕೆ ಒಂದು ಚಿತ್ರವೂ ಸಾಕ್ಷಿಯಾಗಿದೆ. ಗಾಲ್ಲೆನ್-ಕಲ್ಲೆಲನು 1894ರಲ್ಲಿ ಬರೆದ ‘ಸಿಂಪೋಸಿಯಾನ್’ ಎಂಬ ಚಿತ್ರದಲ್ಲಿ ಕಯಾನುಸ್, ಸಿಬೇಲಿಯುಸ್ ಮತ್ತು ಚಿತ್ರಕಾರ ಸೀಸೆಗಳ ಮುಂದೆ ಕುಳಿತಿದ್ದಾರೆ. ಮೆರಿಕಾಂತೊ ಎಂಬ ಇನ್ನೊಬ್ಬ ಸಂಗೀತಗಾರ ಮೇಜಿನ ಮೇಲೆ ತಲೆಯಿಟ್ಟು ಒರಗಿದ್ದಾನೆ. ದೇಶದ ಕಲೆಯನ್ನು ಕಟ್ಟುವವರನ್ನು ಹೀಗೆ ತೋರಿಸಬಹುದೇ ಎಂದು ಆಗ ಗದ್ದಲವಾಯಿತು. ನೀತಿಯ ಮಾತನ್ನು ನಾನು ಎತ್ತುವುದಿಲ್ಲ. ಆ ಮುಖಗಳಲ್ಲಿ ಗೆಳೆತನದಷ್ಟೇ ದಣಿವೂ ಇದೆ ಎಂದಷ್ಟೇ ಹೇಳುತ್ತೇನೆ.

ಮೂರು ವರ್ಷದೊಳಗೆ ಆ ಗೆಳೆತನಕ್ಕೆ ಪೆಟ್ಟು ಬಿತ್ತು. ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಗೀತಶಿಕ್ಷಕನ ಹುದ್ದೆ ತೆರವಾಗಿತ್ತು. ಸಿಬೇಲಿಯುಸ್, ಕಯಾನುಸ್, ಇಲ್ಮರಿ ಕ್ರೋನ್ ಎಂಬ ಮೂವರು ಅರ್ಜಿ ಹಾಕಿದರು. 1896ರ ನವಂಬರದಲ್ಲಿ ಸಿಬೇಲಿಯುಸ್ ಜಾನಪದ ಸಂಗೀತಕ್ಕೂ ಶಾಸ್ತ್ರೀಯ ರಚನೆಗೂ ಇರುವ ಸಂಬಂಧವನ್ನು ಕುರಿತು ತನ್ನ ಪರೀಕ್ಷಾ ಉಪನ್ಯಾಸವನ್ನು ಕೊಟ್ಟನು. ವಿಶ್ವವಿದ್ಯಾಲಯದವರು ಅವನನ್ನೇ ಆರಿಸಿದರು. ಕಯಾನುಸ್ ಸುಮ್ಮನಿರಲಿಲ್ಲ. ಮೇಲ್ಮನವಿ ಹಾಕಿ, ಅದನ್ನು ರಷ್ಯದ ಅಧಿಕಾರದವರೆಗೆ ಒಯ್ದು, 1897ರಲ್ಲಿ ಹುದ್ದೆಯನ್ನು ತನ್ನದಾಗಿಸಿಕೊಂಡನು. ಮೂವತ್ತು ವರ್ಷ ಅದರಲ್ಲಿದ್ದನು. ಹೊಗಳಿ ಬರೆಯುವವರು ಈ ಪ್ರಸಂಗವನ್ನು ಅರ್ಧ ಸಾಲಿನಲ್ಲಿ ದಾಟುತ್ತಾರೆ. ಸಿಬೇಲಿಯುಸನಿಗೆ ಪಾಠ ಹೇಳುವುದರಲ್ಲಿ ಮನಸ್ಸಿರಲಿಲ್ಲ. ಹುದ್ದೆ ತಪ್ಪಿದ್ದಕ್ಕೆ ಪರಿಹಾರವೆಂಬಂತೆ ಸರಕಾರದಿಂದ ಅವನಿಗೆ ವರ್ಷಾಶನ ದೊರೆತು ರಚನೆಗೆ ಬಿಡುವಾಯಿತು. ಆದಕಾರಣ ಎಲ್ಲವೂ ಒಳ್ಳೆಯದೇ ಆಯಿತು ಎಂಬುದು ಅವರ ವಾದ. ಫಲ ಒಳ್ಳೆಯದಾಯಿತೆಂದು ಮಾಡಿದ ಕೆಲಸ ಒಳ್ಳೆಯದಾಗುವುದಿಲ್ಲ. ಕಯಾನುಸನ ಕಡೆಯಿಂದ ಹೇಳಬಹುದಾದದ್ದು ಇಷ್ಟು: ಹದಿನೈದು ವರ್ಷ ಮೇಳವನ್ನು ಹೊತ್ತವನಿಗೆ ತನಗಿಂತ ಹೆಚ್ಚಿನ ಅರ್ಹತೆ ಯಾರದೆಂಬ ಅಭಿಮಾನ ಬರುವುದು ಸಹಜ, ಅನುಭವದ ಲೆಕ್ಕದಲ್ಲಿ ಅವನು ಹಿಂದೆ ಬಿದ್ದವನೂ ಅಲ್ಲ. ಆದರೆ ತನ್ನ ನಾಡಿನ ವಿದ್ವತ್‌ಸಭೆಯ ತೀರ್ಮಾನವನ್ನು ಹೊರಗಿನ ಪ್ರಭುತ್ವದ ಕೈಯಿಂದ ತಿರುಗಿಸಿದವನು ನಾಡಿನ ಸಂಗೀತದ ಕಟ್ಟಾಳು ಎಂದು ಹೆಸರಾದವನೇ ಎಂಬುದು ನನಗೆ ಮುಳ್ಳಿನಂತೆ ಚುಚ್ಚುತ್ತದೆ. ಐದು ವರ್ಷ ಮೊದಲು ತನ್ನ ರಚನೆಗೆ ಅಷ್ಟು ನಿಷ್ಠುರವಾದ ಬೆಲೆ ಕಟ್ಟಿದ ಮನುಷ್ಯ ಇಲ್ಲಿ ತನ್ನ ಕಕ್ಷಿಗೆ ತಾನೇ ವಕೀಲನಾದನು.

ಮುಂದಿನ ಬೆಳವಣಿಗೆ ಇಬ್ಬರನ್ನೂ ಮತ್ತೆ ಒಂದು ಹಡಗಿಗೆ ಹತ್ತಿಸಿತು. 1899ರ ಫೆಬ್ರವರಿಯಲ್ಲಿ ಎರಡನೆಯ ನಿಕೊಲಸ್ ಚಕ್ರವರ್ತಿ ಹೊರಡಿಸಿದ ಘೋಷಣೆಯಿಂದ ಫಿನ್ಲೆಂಡಿನ ಸ್ವಯಮಾಡಳಿತಕ್ಕೆ ಕುತ್ತು ಬಂದಿತು. 1900ರಲ್ಲಿ ಪ್ಯಾರಿಸ್ಸಿನಲ್ಲಿ ಜಾಗತಿಕ ಪ್ರದರ್ಶನ. ಕಯಾನುಸ್ ತನ್ನ ಮೇಳವನ್ನು ಕಟ್ಟಿಕೊಂಡು ಹೊರಟನು; ಸಿಬೇಲಿಯುಸ್ ಸಹಾಯಕ ನಾಯಕನೆಂಬ ಹೆಸರಿನಲ್ಲಿ ಜೊತೆಗಿದ್ದನು. ಸ್ಟಾಕ್‌ಹೋಮ್, ಕೋಪನ್‌ಹೇಗನ್, ಹ್ಯಾಂಬರ್ಗ್, ಬರ್ಲಿನ್, ಆಮ್‌ಸ್ಟರ್‌ಡಾಮ್, ಬ್ರಸೆಲ್ಸ್ ಮೊದಲಾದ ಊರುಗಳಲ್ಲಿ ನುಡಿಸುತ್ತಾ ಪ್ಯಾರಿಸ್ ತಲುಪಿದರು. ಈಗ ‘ಫಿನ್ಲಾಂಡಿಯ’ ಎಂದು ಜಗತ್ತೆಲ್ಲ ಬಲ್ಲ ಕೃತಿಯನ್ನು ಆ ಹೆಸರಿನಲ್ಲಿ ಸಾರುವುದು ಕ್ಷೇಮವಲ್ಲವಾದುದರಿಂದ, ತಾಯ್ನಾಡು ಎಂಬರ್ಥದ ಹೆಸರುಗಳಲ್ಲಿ ಅದನ್ನು ನುಡಿಸಿದರು. ಸ್ವಂತ ಧ್ವಜವಿಲ್ಲದ ನಾಡು ಸ್ವಂತ ಮೇಳವೊಂದನ್ನು ಯೂರೋಪಿನ ಊರುಗಳಲ್ಲಿ ನಡೆಸಿಕೊಂಡು ಹೋಯಿತು. ಮೇಳ 1882ರಲ್ಲಿ ಹುಟ್ಟದೆ 1899ರಲ್ಲಿ ಬೇಕೆನಿಸಿದ್ದರೆ ಒಂದು ವರ್ಷದಲ್ಲಿ ಅದನ್ನು ಹುಟ್ಟಿಸಲಾಗುತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

1912ರಲ್ಲಿ ಹೆಲ್ಸಿಂಕಿಯಲ್ಲಿ ಎರಡನೆಯ ಮೇಳವೊಂದು ತಲೆಯೆತ್ತಿತು. ಅದರ ನಾಯಕ ಗೆಯೋರ್ಗ್ ಶ್ನೇವೊಯ್ಗ್ಟ್, ಹಿಂದೆ ಕಯಾನುಸನ ಮೇಳದಲ್ಲೇ ಚೆಲ್ಲೊ ನುಡಿಸುತ್ತಿದ್ದವನು. ಚಿಕ್ಕ ರಾಜಧಾನಿಯಲ್ಲಿ ಎರಡು ಮೇಳ, ಎರಡು ಕಟ್ಟು, ಪತ್ರಿಕೆಗಳಲ್ಲಿ ಜಗಳ. 1914ರಲ್ಲಿ ಎರಡನ್ನೂ ಕೂಡಿಸಿ ನಗರದ ವಾದ್ಯವೃಂದವಾಗಿ ಮಾಡಿದರು. ಸ್ಪರ್ಧೆಯ ವಿವರಗಳಲ್ಲಿ ನನಗೆ ರುಚಿಯಿಲ್ಲ. ಕಯಾನುಸ್ 1932ರವರೆಗೆ, ಅಂದರೆ ಸ್ಥಾಪಿಸಿದಂದಿನಿಂದ ಐವತ್ತು ವರ್ಷ, ಮೇಳದ ನಾಯಕನಾಗಿದ್ದನು. ನಡುವೆ 1917ರಲ್ಲಿ ಅವನ ನಾಡು ಸ್ವತಂತ್ರವಾಯಿತು.

ಇಷ್ಟು ಚರಿತ್ರೆ. ಕಲೆಯ ವಿಚಾರಕ್ಕೆ ಬರುವಾಗ ನಮ್ಮ ಪುಣ್ಯಕ್ಕೆ ಕೈಯಲ್ಲಿ ಸಾಕ್ಷ್ಯವಿದೆ. ಹಿಂದಿನ ಎಷ್ಟೋ ಮೇಳನಾಯಕರ ವಿಷಯದಲ್ಲಿ ಕೇಳಿದವರ ಹೊಗಳಿಕೆಯನ್ನೇ ನಂಬಬೇಕು. ಕಯಾನುಸನ ವಿಷಯದಲ್ಲಿ ಹಾಗಲ್ಲ. 1930ರಲ್ಲಿ ಫಿನ್ಲೆಂಡ್ ಸರಕಾರದ ಧನಸಹಾಯದಿಂದ, ಸಿಬೇಲಿಯುಸನ ಶಿಫಾರಸಿನ ಮೇಲೆ, ಎಪ್ಪತ್ತಮೂರರ ಕಯಾನುಸ್ ಲಂಡನ್ನಿಗೆ ಹೋಗಿ ಮೊದಲನೆಯ ಮತ್ತು ಎರಡನೆಯ ಸಿಂಫನಿಗಳನ್ನು ಗ್ರಾಮಫೋನು ತಟ್ಟೆಗಳಿಗೆ ನುಡಿಸಿದನು. 1932ರಲ್ಲಿ ಪುನಃ ಹೋಗಿ ಲಂಡನ್ ಸಿಂಫನಿ ಮೇಳದೊಡನೆ ಮೂರನೆಯ ಮತ್ತು ಐದನೆಯ ಸಿಂಫನಿಗಳನ್ನೂ ‘ಪೊಹ್ಯೊಲದ ಮಗಳು’, ‘ತಪಿಯೊಲ’ ಮುಂತಾದವನ್ನೂ ನುಡಿಸಿದನು. ಆ ತಟ್ಟೆಗಳ ಒಂದು ಮುಗ್ಗುಲಿಗೆ ನಾಲ್ಕು ನಾಲ್ಕೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಯದು. ನಲುವತ್ತು ನಿಮಿಷದ ಸಿಂಫನಿಯನ್ನು ತುಂಡುತುಂಡಾಗಿ ಕಡಿದು, ಪ್ರತಿ ತುಂಡಿನ ಕೊನೆಗೂ ನಿಂತು, ಮತ್ತೆ ಅದೇ ಬಿಸಿಯಲ್ಲಿ ಎತ್ತಬೇಕು. ಮುಂದೆ ಇವು ಸಿ.ಡಿ.ಗಳಾಗಿಯೂ ಬಂದಿರುವುದರಿಂದ ಈಗ ತುಂಡುಗಳ ನಡುವಣ ಹೊಲಿಗೆ ಕಾಣದಂತೆ ಕೇಳಬಹುದು.

ಎರಡನೆಯ ಸಿಂಫನಿಯನ್ನು ಎತ್ತಿಕೊಳ್ಳೋಣ. 1902ರಲ್ಲಿ ಅದು ಮೊದಲು ಕೇಳಿಬಂದಾಗ ಕಯಾನುಸ್ ಅದಕ್ಕೊಂದು ಅರ್ಥವಿವರಣೆಯನ್ನು ಬರೆದನು: ದಬ್ಬಾಳಿಕೆಗೆ ಸಿಕ್ಕಿದ ಜನರ ಸಂಕಟ ಎರಡನೆಯ ಭಾಗದಲ್ಲಿದೆ, ಬಿಡುಗಡೆಯ ಭರವಸೆ ಕೊನೆಯ ಭಾಗದಲ್ಲಿದೆ ಎಂಬುದು ಅದರ ತಾತ್ಪರ್ಯ. ಆ ದಿನಗಳಲ್ಲಿ ಅದು ಜನರ ಮನಸ್ಸಿಗೆ ಹಿಡಿಯಿತು. ಸಿಬೇಲಿಯುಸ್ ತನ್ನ ಸಿಂಫನಿಗಳಿಗೆ ಕಥೆ ಹಚ್ಚುವುದನ್ನು ಒಪ್ಪುತ್ತಿರಲಿಲ್ಲ. ಹೀಗೆ ಬರೆದವನ ತಟ್ಟೆಯನ್ನು ಹಾಕುವಾಗ ನಾವು ನಿರೀಕ್ಷಿಸುವುದೇನು? ಸಂಕಟದಲ್ಲಿ ಕಣ್ಣೀರು, ವಿಜಯದಲ್ಲಿ ಜಯಭೇರಿ. ಕೇಳಿದರೆ ಬೇರೆಯೇ ಇದೆ. ಎರಡನೆಯ ಭಾಗ ನಗಾರಿಯ ಗುಡುಗಿನಿಂದ ಮೊದಲಾಗಿ, ದೊಡ್ಡ ತಂತಿವಾದ್ಯಗಳು ಬಿಲ್ಲನ್ನು ಬಿಟ್ಟು ಬೆರಳಿನಿಂದ ಮೀಟುತ್ತಾ ಅತ್ತಿತ್ತ ಅಲೆದು, ಆಮೇಲೆ ಬಸೂನುಗಳು ಶೋಕದ ಸ್ವರವನ್ನೆತ್ತುತ್ತವೆ. ಇಲ್ಲಿ ಅನೇಕ ನಾಯಕರು ಕಾಲೆಳೆಯುತ್ತಾರೆ. ಕಯಾನುಸ್ ಎಳೆಯುವುದಿಲ್ಲ; ನಡಿಗೆ ನಿಲ್ಲದಂತೆ ನೋಡಿಕೊಳ್ಳುತ್ತಾನೆ. ಕೊನೆಯ ಭಾಗವಂತೂ ಇನ್ನೂ ವಿಶೇಷ. ಅಲ್ಲಿ ಕೆಳಗಿನ ತಂತಿವಾದ್ಯಗಳು ಒಂದೇ ಏರಿಳಿತವನ್ನು ಬಿಡದೆ ಹೊರಳಿಸುತ್ತಿರುವಾಗ ಅದರ ಮೇಲೆ ಊದುವಾದ್ಯಗಳ ರಾಗವೊಂದು ಮತ್ತೆ ಮತ್ತೆ ಬಂದು ಬೆಳೆಯುತ್ತದೆ. ಇದನ್ನು ಭಾರವಾಗಿ, ಮೆರವಣಿಗೆಯ ಠೀವಿಯಿಂದ ನುಡಿಸುವುದು ಮುಂದೆ ಬಂದವರ ರೂಢಿ. ಕಯಾನುಸನಲ್ಲಿ ಅದು ಹರಿಯುವ ನೀರು. ದಡದ ಮೇಲೆ ನಿಂತು ಕೈಬೀಸುವವರಿಗಾಗಿ ಅದು ತಡೆಯುವುದಿಲ್ಲ.

ಅಂದರೆ ಲೇಖನಿಯಲ್ಲಿ ಕಯಾನುಸ್ ಬರೆದದ್ದು ಒಂದು, ಕೋಲಿನಲ್ಲಿ ಹೇಳಿದ್ದು ಇನ್ನೊಂದು. ಇದು ಅವನ ಮೇಲಿನ ದೂರಲ್ಲ. ನನ್ನ ಮಟ್ಟಿಗೆ ಅವನ ಕಲೆಯ ತಿರುಳು ಇಲ್ಲೇ ಇದೆ. ಬರೆಯುವಾಗ ಅವನು 1902ರ ಪೌರ, ದೇಶದ ನೋವಿಗೆ ಉತ್ತರ ಹುಡುಕುತ್ತಿದ್ದವನು. ಮೇಳದ ಮುಂದೆ ನಿಂತಾಗ ಅವನ ಕಣ್ಣು ಪುಟದ ಮೇಲಿದೆ. ಪುಟ ಏನನ್ನು ಕೇಳುತ್ತದೋ ಅದನ್ನೇ ಕೊಡುತ್ತಾನೆ. ಕೃತಿಗಿಂತ ಅದರ ವ್ಯಾಖ್ಯಾನವನ್ನು ಹೆಚ್ಚು ಪ್ರೀತಿಸುವ ದೋಷ ನಮ್ಮ ಅಧ್ಯಾಪಕರಲ್ಲಿ, ನನ್ನನ್ನೂ ಸೇರಿಸಿ, ಕಡಿಮೆಯೇನಲ್ಲ. ಕಯಾನುಸನ ಕೋಲು ಅವನ ವ್ಯಾಖ್ಯಾನಕ್ಕಿಂತ ಹೆಚ್ಚು ಬಲ್ಲದು.

ಕೊರತೆಗಳಿಲ್ಲವೆಂದಲ್ಲ. ವಾದನ ಕೆಲವೆಡೆ ಒರಟು. ಲಂಡನ್ನಿನ ವಾದಕರು ಅವನ ಸ್ವಂತ ಮೇಳದವರಲ್ಲ; ಈ ಕೃತಿಗಳು ಅವರ ಕೈಗೆ ಪೂರ್ತಿ ಒಗ್ಗಿರಲಿಲ್ಲ. ತುತ್ತೂರಿಗಳು ಒಂದೆರಡು ಕಡೆ ಮುಗ್ಗರಿಸುತ್ತವೆ; ತಂತಿವಾದ್ಯಗಳು ವೇಗದಲ್ಲಿ ಒಂದಕ್ಕೊಂದು ತಾಗುತ್ತವೆ. ಮುಂದಿನ ದಶಕಗಳ ನುಣುಪಾದ ಮುದ್ರಣಗಳಿಗೆ ಒಗ್ಗಿದ ಕಿವಿಗೆ ಇದು ಮೊದಲು ಕಿರುಕುಳ ಕೊಡಬಹುದು. ನಾಲ್ಕಾರು ಸಲ ಕೇಳಿದ ಮೇಲೆ ಕಿವಿ ಆ ಸದ್ದನ್ನು ದಾಟಿ ಒಳಗಿನ ಎಲುಬನ್ನು ಹಿಡಿಯುತ್ತದೆ.

ಆ ಎಲುಬು ಎಷ್ಟು ಗಟ್ಟಿಯೆಂದು ತಿಳಿಯಲು ಐದನೆಯ ಸಿಂಫನಿಯ ಮೊದಲ ಭಾಗವನ್ನು ಕೇಳಬೇಕು. 1915ರಲ್ಲಿ, ತನ್ನ ಐವತ್ತನೆಯ ಹುಟ್ಟುಹಬ್ಬದ ದಿನ, ಸಿಬೇಲಿಯುಸ್ ಇದನ್ನು ಮೊದಲು ನುಡಿಸಿದಾಗ ಅಲ್ಲಿ ಎರಡು ಬೇರೆ ಬೇರೆ ಭಾಗಗಳಿದ್ದವು. ತಿದ್ದುವಾಗ ಅವೆರಡನ್ನೂ ಬೆಸೆದನು. 1919ರಲ್ಲಿ ಕೃತಿಗೆ ಈಗಿನ ರೂಪ ಬಂತು. ನಿಧಾನವಾಗಿ ಹೊರಟ ಸಂಗೀತ, ಎಲ್ಲಿಯೂ ನಿಲ್ಲದೆ, ಎಲ್ಲಿ ಬದಲಾಯಿತೆಂದು ತೋರಗೊಡದೆ, ಕೊನೆಗೆ ಕುಣಿಯುವ ವೇಗಕ್ಕೆ ಬಂದು ಮುಟ್ಟಬೇಕು. ಬಂಡಿಯ ಎತ್ತುಗಳನ್ನು ಓಡುವಾಗಲೇ ಬಿಚ್ಚಿ ಕುದುರೆಗಳನ್ನು ಹೂಡಿದಂತೆ ಇದು. ಹಲವರಲ್ಲಿ ಆ ಬೆಸುಗೆಯ ಜಾಗದಲ್ಲಿ ಒಂದು ಕುಲುಕು ತಪ್ಪುವುದಿಲ್ಲ. ಕಯಾನುಸ್ ವೇಗವನ್ನು ಎಷ್ಟು ಮುಂಚಿತವಾಗಿ, ಎಷ್ಟು ಜಿಪುಣತನದಿಂದ ಹೆಚ್ಚಿಸಲು ತೊಡಗುತ್ತಾನೆಂದರೆ, ನಾವು ಓಡುತ್ತಿದ್ದೇವೆಂಬುದು ನಮಗೆ ಗೊತ್ತಾಗುವುದು ಓಟದ ನಡುವೆ. ಇದೆಲ್ಲವನ್ನೂ ಒಂದು ಮುಗ್ಗುಲು ಮುಗಿದು ಇನ್ನೊಂದಕ್ಕೆ ಮೇಣದ ಹಲಗೆ ಸಿದ್ಧವಾಗುವವರೆಗೆ ಕಾದು ನಿಂತು, ಎಪ್ಪತ್ತೈದರ ವಯಸ್ಸಿನಲ್ಲಿ, ಮಾಡಿದನು. ಸಿಂಫನಿಯ ಕಟ್ಟಕಡೆಗೆ ಆರು ಏಟುಗಳು, ನಡುನಡುವೆ ನಿಶ್ಶಬ್ದ. ಆ ನಿಶ್ಶಬ್ದಗಳನ್ನು ಅವನು ನಾಟಕೀಯವಾಗಿ ಹಿಗ್ಗಿಸುವುದಿಲ್ಲ. ಎಣಿಸಿ ಇಟ್ಟು ಮುಗಿಸುತ್ತಾನೆ.

‘ತಪಿಯೊಲ’ದ ಮೊದಲ ತಟ್ಟೆಯೂ ಅವನದೇ. 1926ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಕೇಳಿಬಂದ ಈ ಕೃತಿ, ಸಿಬೇಲಿಯುಸ್ ಲೋಕಕ್ಕೆ ಕೊಟ್ಟ ದೊಡ್ಡ ವಾದ್ಯಕೃತಿಗಳಲ್ಲಿ ಕಡೆಯದು. ಒಂದೇ ಬೀಜಸ್ವರದಿಂದ ಒಂದು ಕಾಡನ್ನೇ ಬೆಳೆಸುವಂಥದು. ಕಯಾನುಸ್ ಅಲ್ಲಿ ಭೂತಪ್ರೇತಗಳನ್ನು ತೋರಿಸಿ ಹೆದರಿಸುವುದಿಲ್ಲ. ಬಿರುಗಾಳಿಯ ಜಾಗಕ್ಕೆ ಬಂದಾಗ ಮಾತ್ರ ಮುದುಕನಿಗೆ ಈ ಬಲ ಎಲ್ಲಿಂದ ಬಂತೆಂದು ಬೆರಗಾಗುತ್ತದೆ.

ಉಳಿದ ಸಿಂಫನಿಗಳನ್ನೂ ಅವನ ಕೈಯಿಂದಲೇ ನುಡಿಸಬೇಕೆಂಬ ಆಲೋಚನೆಯಿತ್ತು. 1933ರ ಜುಲಾಯಿ 6ರಂದು ಕಯಾನುಸ್ ಹೆಲ್ಸಿಂಕಿಯಲ್ಲಿ ತೀರಿಕೊಂಡನು. ಏಳನೆಯದು ಕುಸೆವಿಟ್ಸ್ಕಿಯ, ನಾಲ್ಕನೆಯದು ಬೀಚಮ್ಮನ ಪಾಲಾಯಿತು. ಆರನೆಯದನ್ನು 1934ರಲ್ಲಿ, ಫಿನ್ಲೆಂಡಿನ ಮೇಳವನ್ನು ಲಂಡನ್ನಿಗೆ ಕರೆತಂದು ತಟ್ಟೆಗೆ ನುಡಿಸಿದವನು ಗೆಯೋರ್ಗ್ ಶ್ನೇವೊಯ್ಗ್ಟ್.